ಕೋಮೋಗೆ ಹೊರಟ ಕೈಗಳು

ಚಿಕ್ಕಬಳ್ಳಾಪುರ,
ಭಾನುವಾರ, 8 ಫೆಬ್ರುವರಿ 2026

ನನ್ನ ಮಂಗಮ್ಮ ದೊಡ್ಡಮ್ಮನಿಗೆ ನಿನ್ನ ಕವಿತ ಮಾಡುವ ನಮಸ್ಕಾರ.

‘ನಾನು ಇಲ್ಲಿ ಕ್ಷೇಮ’ ಎಂದು ಬರೆದು ಹೊಡೆದು ಹಾಕಿದೆ. ಮೇಲಿರುವ ಗೀಟು ಅದೇ. ವಸತಿ ಶಾಲೆಯಲ್ಲಿ ಏಳು ವರ್ಷ, ಪ್ರತಿ ಭಾನುವಾರ, ಜ್ವರ ಬಂದು ಮಲಗಿದ್ದಾಗಲೂ ಆ ಸಾಲಿನಿಂದಲೇ ಶುರು ಮಾಡಿದವಳು ನಾನು. ವಾರ್ಡನ್ ಓದಿದ ಮೇಲೇ ಕವರ್ ಅಂಟಿಸುತ್ತಿದ್ದರಲ್ಲ. ಈ ಕಾಗದವನ್ನು ಯಾರೂ ಓದಿ ಅಂಟಿಸುವುದಿಲ್ಲ. ಅದಕ್ಕೇ ಜಾಸ್ತಿ ಟೆನ್ಷನ್.

ಫೋನಿನಲ್ಲೇ ಹೇಳಬಹುದಿತ್ತು. ಹತ್ತು ದಿನದಿಂದ ದಿನಾ ಮಾಡುತ್ತಲೇ ಇದ್ದೇನೆ, ಆದರೆ ‘ಊಟ ಆಯ್ತಾ’ ದಾಟಿ ಮಾತು ಮುಂದಕ್ಕೆ ಹೋಗುತ್ತಿಲ್ಲ. ಆರನೇ ಕ್ಲಾಸಿಗೆ ನನ್ನನ್ನು ಹಾಸ್ಟೆಲಿಗೆ ಬಿಟ್ಟು ಹೋಗುವಾಗ ನೀನೇ ಹೇಳಿದ್ದೆ: “ಏನಾನ ತಪ್ಪು ಮಾಡಿದ್ರೆ ಕಾಗ್ದ ಬರಿ ಕಣಮ್ಮ. ಎದುರಿಗೆ ಹೇಳಿದ್ರೆ ಬಯ್ಯೋದ್ರಲ್ಲಿ ಅರ್ಧ ಕೇಳಿಸ್ಕೊಳ್ಳಲ್ಲ ನಾನು. ಕಾಗ್ದ ಆದ್ರೆ ಪೂರ್ತಿ ಓದ್ತೀನಿ, ಆಮೇಲೆ ಬಯ್ತೀನಿ.” ಈಗಲೂ ಹಾಗೇ ಮಾಡು. ಪೂರ್ತಿ ಓದು, ಆಮೇಲೆ ಬಯ್ಯಿ.

ಮೊದಲು ಅರ್ಜೆಂಟ್ ವಿಷಯ. ಯೂರೋಪ್ ಟ್ರಿಪ್ ಕ್ಯಾನ್ಸಲ್ ಮಾಡಬೇಡ. ಗಂಗರಾಜು ಮಾವ ಅದರ ಬದಲು ಕಾಶಿಗೆ ಟಿಕೆಟ್ ತೆಗೀತೀನಿ ಅಂತ ಮನೆಗೆ ಬಂದರೆ, ಕಾಫಿ ಕೊಟ್ಟು ಕಳಿಸು. ಇದೇ ಹದಿನೆಂಟನೇ ತಾರೀಕು, ಬುಧವಾರ, ಬೆಂಗಳೂರಿನ ಅದೇ ವೀಸಾ ಆಫೀಸಿನಲ್ಲಿ ಬೆಳಿಗ್ಗೆ ಹತ್ತೂವರೆಗೆ ಮತ್ತೆ ಅಪಾಯಿಂಟ್‌ಮೆಂಟ್ ತೆಗೆದಿದ್ದೇನೆ. ನಿನ್ನ ಕೈಯಿಂದ ಏನೂ ಕೆಟ್ಟಿಲ್ಲ, ಕೆಡಿಸಿದವಳು ನಾನು. ಹೇಗೆ ಅಂತ ಹೇಳುವುದಕ್ಕೇ ಈ ಕಾಗದ.

ನವೆಂಬರಿನಲ್ಲಿ ನೀನು ರಿಟೈರ್ ಆದ ದಿನವನ್ನು ನಾನು ಮರೆಯುವುದಿಲ್ಲ. ಶಿಡ್ಲಘಟ್ಟದ ರೇಷ್ಮೆ ತರಬೇತಿ ಕೇಂದ್ರದಲ್ಲಿ ಹಾರ, ಶಾಲು, ಮೈಸೂರು ಪೇಟ ಎಲ್ಲಾ ಆದ ಮೇಲೆ ಮಾವ ಎಲ್ಲರ ಮುಂದೆ, “ಇನ್ನೇನಕ್ಕಾ, ಮನೇಲಿ ಕೂತ್ಕಂಡು ಟಿವಿ ನೋಡು” ಅಂದ. ನೀನು ವ್ಯಾನಿಟಿ ಬ್ಯಾಗಿನಿಂದ ಮಡಿಚಿದ ಹಳೇ ಚಾರ್ಟ್ ತೆಗೆದೆ. ಮುಂದುಗಡೆ ಒಳ್ಳೇ ಗೂಡು, ಕೆಟ್ಟ ಗೂಡುಗಳ ಚಿತ್ರ. ಹಿಂದುಗಡೆ ಪೆನ್ಸಿಲಿನಲ್ಲಿ ನಿನ್ನ ದುಂಡು ಅಕ್ಷರ: ಅರವತ್ತಕ್ಕೆ ಕೋಮೋ ಮತ್ತು ಲೂಸರ್ನ್. ಅರವತ್ತೆರಡಕ್ಕೆ ಲಿಯೋನ್. ಅರವತ್ತೈದಕ್ಕೆ ಲಿಸ್ಬನ್, ಮಂಡಿ ಒಪ್ಪಿದರೆ.

“ನಂದಿ ಬೆಟ್ಟಕ್ಕೇ ಕಾರಲ್ಲಿ ಹೋಗೋಳು ನೀನು. ಯೂರೋಪಂತೆ ಯೂರೋಪು!” ಅಂದ ಮಾವ. “ಅಲ್ಗೂ ನಡ್ಕೊಂಡೇನು ಹೋಗಲ್ಲ ಬಿಡೋ” ಅಂದೆ ನೀನು. ಇಡೀ ಹಾಲ್ ನಕ್ಕಿತು. ನಾನು ನಗಲಿಲ್ಲ. ಲಿಸ್ಟಿನಲ್ಲಿ ಪ್ಯಾರಿಸ್ ಇಲ್ಲವಲ್ಲ ಅಂತ ಯೋಚಿಸುತ್ತಿದ್ದೆ. ಆಮೇಲೆ ಒಂದು ತಿಂಗಳು ನಿನ್ನ ತಲೆ ತಿಂದೆ. ಪ್ಯಾರಿಸ್ ನೋಡದೆ ಬಂದರೆ ಯೂರೋಪ್ ನೋಡಿದೆ ಅಂತ ಯಾರೂ ಒಪ್ಪುವುದಿಲ್ಲ ಅಂದಿದ್ದಕ್ಕೆ ನೀನು, “ಆ ಕಬ್ಬಿಣದ ಗೋಪುರ ನೋಡಿ ಏನ್ ಮಾಡ್ಲಿ ತಲ್ಲೀ? ನಮ್ಮನೆ ಹಿಂದೇನೇ ಮೊಬೈಲ್ ಟವರ್ ಐತೆ” ಅಂದುಬಿಟ್ಟೆ.

ನಿನಗೆ ಕೋಮೋ ಯಾಕೆ ಬೇಕು ಅಂತ ಒಂದು ದಿನ ನೀನೇ ನನ್ನನ್ನು ಕೇಂದ್ರಕ್ಕೆ ಕರೆದುಕೊಂಡು ಹೋಗಿ ತೋರಿಸಿದೆ. ಗೋಡೆಯ ಮೇಲೆ ಕಪ್ಪು ಬಿಳುಪಿನ ಫೋಟೋ. ಇಟಲಿಯ ಕೋಮೋ ಊರಿನ ಹೆಂಗಸರು ಸಾಲಾಗಿ ಬಿಸಿನೀರಿನ ಬೇಸಿನ್‌ಗಳ ಮುಂದೆ ಕೂತು ನೂಲು ಬಿಚ್ಚುತ್ತಿದ್ದಾರೆ, ಕಿಟಕಿಯ ಆಚೆ ದೊಡ್ಡ ಕೆರೆ. ಮೂವತ್ತಾರು ವರ್ಷ ಅದರ ದೂಳು ಒರೆಸಿದವಳು ನೀನೊಬ್ಬಳೇ. ಮೂರನೇ ಹೆಂಗಸಿನ ಎಡಗೈಯನ್ನು ಬೆರಳಿಟ್ಟು ತೋರಿಸಿದೆ. “ನೋಡು, ಪಕ್ಕದಲ್ಲಿ ತಣ್ಣೀರಿನ ಬಟ್ಲು ಇಟ್ಕಂಡವಳೆ. ಕುದಿಯೋ ನೀರಿಂದ ಕೈ ತೆಗ್ದು ಅದ್ರಾಗೆ ಅದ್ದುತಾವಳೆ, ನಾವು ಮಾಡ್ತೀವಲ್ಲ ಹಂಗೇ. ಇವಳ ಊರು ನೋಡ್ಬೇಕು ನಾನು.” ಲೂಸರ್ನ್ ಯಾಕೆ ಅಂದರೆ, ಹಿಮ ಕರಗಿದ ನೀರಿನ ಕೆರೆಯಂತೆ. ದಡದಲ್ಲಿ ಕೂತು ಸಾಕು ಅನ್ನುವ ತನಕ ಎರಡೂ ಕೈ ಮುಳುಗಿಸಿಕೊಂಡು ಇರಬೇಕಂತೆ. ಲಿಯೋನಿನಲ್ಲಿ ನೂಲು ಬಟ್ಟೆಯಾಗುವುದನ್ನು ನೋಡಬೇಕು. ಲಿಸ್ಬನ್‌ನಲ್ಲಿ ಏನೂ ನೋಡಬೇಕಾಗಿಲ್ಲ, ಸಮುದ್ರದ ಮುಂದೆ ಸುಮ್ಮನೆ ಕೂರಬೇಕು.

ಆವತ್ತೇ ನಾನು ಪ್ಯಾರಿಸ್ ಬಿಟ್ಟೆ. ಆದರೆ ಬೇರೆ ಒಂದು ವಿಷಯವನ್ನು ಬಿಡಲಿಲ್ಲ, ಅದನ್ನು ನಿನಗೆ ಹೇಳಲೂ ಇಲ್ಲ.

ಬಿ.ಎಸ್ಸಿ ಫಸ್ಟ್ ಇಯರ್, ಮೊದಲನೇ ದಿನ. ಒಬ್ಬೊಬ್ಬರೇ ಎದ್ದು ನಿಂತು ಮನೆಯಲ್ಲಿ ಯಾರು ಏನು ಅಂತ ಇಂಗ್ಲಿಷಿನಲ್ಲಿ ಹೇಳಬೇಕಿತ್ತು. ಗೌರಿಬಿದನೂರಿನ ಅಪ್ಪ ಅಮ್ಮನ ಬಗ್ಗೆ ಒಂದು ಸಾಲು ಹೇಳಿ, ‘ಮೈ ಆಂಟ್ ಈಸ್ ಆನ್ ಆಫೀಸರ್ ಇನ್ ದ ಸಿಲ್ಕ್ ಡಿಪಾರ್ಟ್‌ಮೆಂಟ್’ ಅಂದೆ. ಗ್ರಾಮರ್ ಸರಿ ಇತ್ತು. ಅಷ್ಟೇ ಸರಿ ಇದ್ದದ್ದು. ಬೇಸಿನ್ ಮುಂದೆ ಕೂತು, ಕುದಿಯುವ ನೀರಿನ ಗೂಡಿನಲ್ಲಿ ಎಳೆ ಹುಡುಕುವುದನ್ನು ಕಲಿಸುವವಳು ನೀನು ಅಂತ ಹೇಳುವುದಕ್ಕೆ ನನಗೆ ಇಂಗ್ಲಿಷ್ ಬರಲಿಲ್ಲ ಅಂತ ಆಗ ಅಂದುಕೊಂಡೆ. ಬರುತ್ತಿತ್ತು ದೊಡ್ಡಮ್ಮ. ನಾಚಿಕೆ ಬಂತು. ಜನವರಿಯಲ್ಲಿ ವೀಸಾ ಅರ್ಜಿ ತುಂಬುವಾಗ ಕೆಲಸ ಅನ್ನುವ ಕಾಲಂನಲ್ಲೂ ‘ಆಫೀಸರ್, ನಿವೃತ್ತ’ ಅಂತಲೇ ಟೈಪ್ ಮಾಡಿದೆ. ನೀನು ಕನ್ನಡಕ ಇಲ್ಲದೆ ನಾನು ತೋರಿಸಿದ ಕಡೆ ಸಹಿ ಮಾಡಿದೆ.

ಇಪ್ಪತ್ತೆಂಟನೇ ತಾರೀಕು ಏನಾಯಿತು ಅಂತ ನಿನಗೆ ಗೊತ್ತು, ಆದರೆ ಅರ್ಧ. ವೀಸಾ ಆಫೀಸಿನಲ್ಲಿ ಬೆರಳಚ್ಚು ತೆಗೆಯುವ ಮಿಷನ್ನಿನ ಗಾಜಿನ ಮೇಲೆ ನೀನು ನಾಲ್ಕು ಸಲ ಬೆರಳಿಟ್ಟೆ. ನಾಲ್ಕು ಸಲವೂ ಕೆಂಪು ದೀಪ. ಒದ್ದೆ ಬಟ್ಟೆಯಲ್ಲಿ ಒರೆಸಿ ಇಟ್ಟೆ, ಕ್ರೀಂ ಹಚ್ಚಿ ಇಟ್ಟೆ. ಹತ್ತು ಬೆರಳಿನಲ್ಲಿ ಒಂದೂ ಮೂಡಲಿಲ್ಲ. ಆಮೇಲೆ ಕೌಂಟರಿನ ಹೆಂಗಸು ನನ್ನ ಹತ್ತಿರ ಇಂಗ್ಲಿಷಿನಲ್ಲಿ ಮಾತಾಡಿದಳು. ಅವಳು ಮುಖ ಒಂಥರಾ ಮಾಡಿಕೊಂಡು, ಇವರೇನು ಕೂಲಿ ಕೆಲಸ ಮಾಡುತ್ತಿದ್ದರಾ ಅಂತ ಕೇಳಿದಳು. ನನಗೆ ಅವಮಾನವಾಯಿತು. ‘ನೋ ನೋ, ಸ್ಕಿನ್ ಅಲರ್ಜಿ’ ಅಂದೆ. ಹಾಗಾದರೆ ಡಾಕ್ಟರ್ ಹತ್ತಿರ ಕೈ ತೋರಿಸಿ, ಬೆರಳು ಯಾಕೆ ಹೀಗಾಗಿದೆ ಅಂತ ಬರೆಸಿಕೊಂಡು ಬನ್ನಿ, ಇನ್ನೊಮ್ಮೆ ಪ್ರಯತ್ನಿಸೋಣ, ಮೂಡದೇ ಹೋದರೆ ಆ ಪತ್ರವನ್ನು ಅರ್ಜಿಯ ಜೊತೆ ಮೇಲಕ್ಕೆ ಕಳಿಸುತ್ತೇವೆ ಅಂತ ಬಿಡಿಸಿ ಹೇಳಿದಳು.

ನಿನಗೆ ನಾನು ಏನು ಹೇಳಿದೆ? ‘ಮಿಷನ್ ಕೆಟ್ಟಿದೆಯಂತೆ, ಅವರೇ ಫೋನ್ ಮಾಡ್ತಾರಂತೆ.’

ಡಾಕ್ಟರ್ ಬರೆದರೆ ನಿಜ ಬರೆಯುತ್ತಾರೆ. ನಿಜ ಬರೆದರೆ ನನ್ನ ‘ಆಫೀಸರ್’ ಸುಳ್ಳಾಗುತ್ತದೆ, ನನ್ನ ‘ಅಲರ್ಜಿ’ ಸುಳ್ಳಾಗುತ್ತದೆ. ಆ ಭಯಕ್ಕೆ ಬಾಯಿ ಮುಚ್ಚಿಕೊಂಡೆ.

ವಾಪಸ್ ಬರುವಾಗ ದೇವನಹಳ್ಳಿ ದಾಟುವ ತನಕ ನೀನು ಕಿಟಕಿಯ ಆಚೆಯೇ ನೋಡುತ್ತಿದ್ದೆ. ಎರಡೂ ಕೈಗಳನ್ನು ಸೆರಗಿನಲ್ಲಿ ಸುತ್ತಿಕೊಂಡು ಕೂತಿದ್ದೆ. ಅದರ ಪಕ್ಕದ ವಿಜಯಪುರದಲ್ಲಿ ಬಸ್ ನಿಂತಾಗ, ಸೌತೆಕಾಯಿ ಮಾರುವವನನ್ನು ನೋಡುತ್ತಾ, “ಮಿಷನ್ ಕೆಟ್ಟಿಲ್ಲ ಕಣಮ್ಮ, ಕೆಟ್ಟಿರೋದು ನನ್ ಕೈ. ಬಿಟ್ಬಿಡು. ಆ ದೇಶಕ್ಕೆ ಈ ಕೈ ಬ್ಯಾಡಂತೆ” ಅಂದೆ. ಅಲ್ಲೇ ಹೇಳಬಹುದಿತ್ತು ನಾನು. ಉಪ್ಪು ಖಾರ ಹಾಕಿಸಿದ ಸೌತೆಕಾಯಿ ತಂದುಕೊಟ್ಟೆ, ಅಷ್ಟೇ. ಈ ಹತ್ತು ದಿನ ನೀನು ನಿನ್ನ ಕೈಯನ್ನು ಬಯ್ದುಕೊಂಡು ಇದ್ದೆ, ನಾನು ಇಲ್ಲಿ ಕೆಮಿಸ್ಟ್ರಿ ನೋಟ್ಸ್ ಬರೆಯುತ್ತಾ ಇದ್ದೆ.

ನನ್ನ ಬಾಯಿ ಬಿಡಿಸಿದವಳು ರೂಮ್‌ಮೇಟ್ ನೌರೀನ್. ನಿಮ್ಮೂರಿನವಳೇ, ಅವರ ಮನೆಯಲ್ಲೇ ಗೂಡಿನಿಂದ ನೂಲು ಬಿಚ್ಚುವ ರೀಲಿಂಗ್ ಯೂನಿಟ್ ಇದೆ. ಪ್ರತಿ ತಿಂಗಳೂ ಎರಡನೇ ವಾರ ಕ್ಲಾಸ್ ಬಿಟ್ಟು ಊರಿಗೆ ಓಡುತ್ತಾಳೆ. ಏನೇ ನಿನಗೆ ಅಲ್ಲಿ ಅಂಥ ಕೆಲಸ ಅಂತ ಮೊನ್ನೆ ರೇಗಿಸಿದೆ. “ಹೆಬ್ಬೆಟ್ಟು ಕೊಡೋ ಕೆಲಸ ಕಣೇ” ಅಂದಳು. ರೇಷನ್ ಅಂಗಡಿಯ ಮಿಷನ್ನಿಗೆ ಅವಳ ಅಬ್ಬಾನ ಬೆರಳೂ ಮೂಡುವುದಿಲ್ಲ, ಅಮ್ಮಿಯ ಬೆರಳೂ ಮೂಡುವುದಿಲ್ಲ. ಬಿಸಿನೀರು ತಿಂದುಹಾಕಿದೆ. “ನಮ್ ಬೀದೀಲಿ ಯಾರ್ ಮನೇಲಿ ಕೇಳು. ಬೇಸಿನ್‌ಗೆ ಕೈ ಹಾಕದೇ ಇರೋರು ಒಬ್ರು ಇರ್ತಾರೆ, ಅವರೇ ಮನೆ ಹೆಬ್ಬೆಟ್ಟು. ನಮ್ಮನೇದು ನಾನು. ನಾನ್ ಹೋಗ್ಲಿಲ್ಲ ಅಂದ್ರೆ ಅಕ್ಕಿ ಇಲ್ಲ.”

ನಿನ್ನ ಮನೆಗೆ ನಾನು ರಜೆಗೆ ಬಂದಾಗೆಲ್ಲ, “ಬಾರಮ್ಮ, ಹಂಗೇ ರೇಷನ್ ಅಂಗ್ಡಿ ತಾವ ಹೋಗ್ಬರಣ” ಅಂತ ಕರೆಯುತ್ತಿದ್ದೆಯಲ್ಲ, ಕಾರ್ಡಿಗೆ ನನ್ನ ಹೆಸರನ್ನೂ ಸೇರಿಸಿದ್ದೆಯಲ್ಲ. ನನಗೆ ಐಸ್‌ಕ್ರೀಂ ಕೊಡಿಸುವುದಕ್ಕೆ ಕರೆಯುತ್ತೀಯ ಅಂದುಕೊಂಡಿದ್ದೆ. ಹಾಸ್ಟೆಲಿನಲ್ಲಿ ಬೆಳೆದವಳಿಗೆ ಮನೆಯೊಳಗಿನ ಎಷ್ಟು ವಿಷಯ ಗೊತ್ತಾಗುವುದಿಲ್ಲ ನೋಡು. ಪೇರೆಂಟ್ಸ್ ಮೀಟಿಂಗಿಗೆ ಬಂದಾಗ ನೀನು ಕೈಗೆ ಸೆರಗು ಸುತ್ತಿಕೊಳ್ಳುತ್ತಿದ್ದದ್ದು ಸ್ಟೈಲ್ ಅಂತ ನಂಬಿದ್ದೆ ನಾನು.

ನೌರೀನ್‌ಗೆ ಎಲ್ಲಾ ಹೇಳಿದೆ. ಬಯ್ಯುತ್ತಾಳೆ ಅಂದುಕೊಂಡರೆ ನಕ್ಕಳು. “ನಿಮ್ ದೊಡ್ಡಮ್ಮ ಆಫೀಸರ್ ಅಂತ ನೀನು ಕ್ಲಾಸಲ್ಲಿ ಹೇಳ್ದಾಗ್ಲೇ ನಂಗೆ ಗೊತ್ತಿತ್ತು. ಅವರು ನಿನ್ನ ಇಲ್ಲಿಗೆ ಬಿಡೋಕೆ ಬಂದಿದ್ದಾಗ್ಲೇ ಗುರ್ತು ಹಿಡಿದಿದ್ದೆ. ನಮ್ ಅಬ್ಬಾಗೆ ಎಳೆ ಹಿಡಿಯೋದು ಕಲ್ಸಿದ್ದು ಮಂಗಮ್ಮ ಮೇಡಂ. ಇವತ್ತೂ ಎಳೆ ಕಡಿದ್ರೆ ಅವರ ಹೆಸರೇ ಹೇಳಿ ಬಯ್ಕೋತಾರೆ.” ಅವಳ ಅಬ್ಬಾ ಸಾದಿಕ್ ಪಾಷಾ. ನಿನಗೆ ನೆನಪಿರಬೇಕು. ಐದು ತಿಂಗಳು ನನ್ನ ಸುಳ್ಳನ್ನು ಪಕ್ಕದ ಮಂಚದಲ್ಲಿ ಮಲಗಿಕೊಂಡು ಕಾಪಾಡಿದ್ದಾಳೆ ಈ ಹುಡುಗಿ.

ಈಗ ನಾನು ಮಾಡಿದ್ದು ಕೇಳು. ಅರ್ಜಿಯಲ್ಲಿ ‘ಆಫೀಸರ್’ ತೆಗೆದಿದ್ದೇನೆ. ಆ ಜಾಗದಲ್ಲಿ, ರೇಷ್ಮೆ ನೂಲು ಬಿಚ್ಚುವುದನ್ನು ಮೂವತ್ತಾರು ವರ್ಷ ಕಲಿಸಿದವರು ಅಂತ ಇಂಗ್ಲಿಷಿನಲ್ಲಿ ಬರೆದಿದ್ದೇನೆ. ಒಂದು ತಪ್ಪೂ ಇಲ್ಲ, ಮೂರು ಸಲ ನೋಡಿದೆ. ಮೊದಲನೆಯ ಅರ್ಜಿಯಲ್ಲಿ ತಪ್ಪು ಬರೆದವಳು ನಾನು, ನೀನಲ್ಲ ಅಂತ ಬೇರೆ ಕಾಗದ ಬರೆದು ಸಹಿ ಮಾಡಿದ್ದೇನೆ. ಇಲ್ಲಿ ಒಬ್ಬರು ಚರ್ಮದ ಡಾಕ್ಟರ್ ಇದ್ದಾರೆ. ಕೈ ನೋಡದೆ ಬರೆಯಲ್ಲ ಅಂದರು. ಶುಕ್ರವಾರ ಹನ್ನೊಂದಕ್ಕೆ ಟೋಕನ್ ತೆಗೆದಿದ್ದೇನೆ, ನೀನು ಒಂಬತ್ತರ ಬಸ್ಸಿಗೆ ಹೊರಟು ಬಾ. ಅಲ್ಲಿಯ ತನಕ ಬಿಸಿನೀರು ಮುಟ್ಟಬೇಡ, ಪಾತ್ರೆ ತೊಳೆಯಬೇಡ, ರಾತ್ರಿ ಹರಳೆಣ್ಣೆ ಹಚ್ಚಿಕೋ. ಅದರಿಂದ ಗೆರೆ ವಾಪಸ್ ಬರುತ್ತದೆ ಅಂತ ನಾನು ಹೇಳುತ್ತಿಲ್ಲ. ಉರಿ ಕಡಿಮೆಯಾಗುತ್ತದೆ, ಅಷ್ಟೇ.

ವೀಸಾ ಸಿಕ್ಕೇ ಸಿಗುತ್ತದೆ ಅಂತ ಬರೆಯಲು ನನಗೆ ಧೈರ್ಯವಿಲ್ಲ. ಸುಳ್ಳು ಸಾಕಾಗಿದೆ. ಇಲ್ಲ ಅಂದರೆ ಯಾಕೆ ಇಲ್ಲ ಅಂತ ಕೇಳಿ ಬರೆಸಿಕೊಳ್ಳುತ್ತೇನೆ, ಮತ್ತೆ ಅರ್ಜಿ ಹಾಕುತ್ತೇನೆ. ಅರವತ್ತಕ್ಕೆ ಆಗದಿದ್ದರೆ ಅರವತ್ತೊಂದಕ್ಕೆ. ನಿನ್ನ ಚಾರ್ಟಿನಲ್ಲಿ ಅರವತ್ತೊಂದು ಖಾಲಿ ಇದೆ, ನೋಡಿದ್ದೇನೆ.

ಇನ್ನೊಂದು ಮುಚ್ಚಿಟ್ಟಿದ್ದೆ. ಕೋಮೋದಲ್ಲಿ ಈಗ ಯಾರೂ ಗೂಡು ಬಿಚ್ಚುವುದಿಲ್ಲವಂತೆ. ನೂಲು ಹೊರಗಿನಿಂದ ಬರುತ್ತದೆ, ಹಳೇ ಮಿಷನ್ನುಗಳು ಮ್ಯೂಸಿಯಂನಲ್ಲಿವೆ. ಇದನ್ನು ಹೇಳಿದರೆ ನಿನಗೆ ಬೇಜಾರಾಗಿ ಊರೇ ಬೇಡ ಅನ್ನುತ್ತೀಯ ಅಂತ ಹೆದರಿದ್ದೆ. ಈಗ ಬೇರೆ ಥರ ಅನ್ನಿಸುತ್ತಿದೆ. ನಾವು ಹೋದ ದಿನ ಅಲ್ಲಿಗೆ ಬಂದವರಲ್ಲಿ, ಆ ಮೂರನೇ ಹೆಂಗಸು ಯಾಕೆ ಎಡಗೈಯನ್ನು ಬಟ್ಟಲಿನಲ್ಲಿ ಇಟ್ಟುಕೊಂಡಿದ್ದಳು ಅಂತ ಹೇಳಬಲ್ಲವಳು ನೀನೊಬ್ಬಳೇ ಇರಬಹುದು. ನೀನು ಹೇಳು, ನಾನು ಇಂಗ್ಲಿಷಿಗೆ ಹಾಕುತ್ತೇನೆ. ಈ ಸಲ ನೀನು ಹೇಳಿದ್ದನ್ನೇ ಹಾಕುತ್ತೇನೆ.

ಈ ಕಾಗದವನ್ನು ನೌರೀನ್ ಕೈಯಲ್ಲೇ ಕಳಿಸುತ್ತಿದ್ದೇನೆ. ನಾಳೆ ಅವರ ಮನೆಯ ಹೆಬ್ಬೆಟ್ಟು ಊರಿಗೆ ಬರುತ್ತಿದೆ. ಟೀ ಕೊಡು. ಸಕ್ಕರೆ ಜಾಸ್ತಿ ಕುಡಿಯುತ್ತಾಳೆ.

ಬಯ್ಗುಳಕ್ಕೆ ತಯಾರಾಗಿ ಶುಕ್ರವಾರ ಬಸ್ ಸ್ಟ್ಯಾಂಡಿನಲ್ಲಿ ನಿಂತಿರುವ,
ನಿನ್ನ ಕವಿತ

ಕಾಗದ ಮಡಿಚಿದ ಮೇಲೆ ಬಿಚ್ಚಿ ಬರೆದದ್ದು: ಮೇಲೆ ಒಂದು ಸುಳ್ಳು ಉಳಿದುಬಿಟ್ಟಿದೆ. ಕೌಂಟರಿನ ಹೆಂಗಸು ಮುಖ ಒಂಥರಾ ಮಾಡಲಿಲ್ಲ, ಕೂಲಿ ಅನ್ನುವ ಮಾತೂ ಆಡಲಿಲ್ಲ. ನಿನ್ನ ಬೆರಳುಗಳನ್ನು ಒಂದೊಂದಾಗಿ ಸವರಿ ನೋಡಿ, ತನ್ನ ಅಮ್ಮ ಬೀಡಿ ಕಟ್ಟುತ್ತಿದ್ದರು, ಅವರ ಬೆರಳೂ ಹೀಗೇ ಸವೆದಿವೆ, ನಿಮ್ಮವರು ಯಾವ ಕೆಲಸ ಮಾಡುತ್ತಿದ್ದರು ಅಂತ ಮೆತ್ತಗೆ ಕೇಳಿದಳು. ಮುಖ ಒಂಥರಾ ಮಾಡಿದ್ದು ನಾನು. ಅವಳದು ಆರನೇ ಕೌಂಟರ್. ಬುಧವಾರ ಬೇರೆ ಕೌಂಟರ್ ಖಾಲಿ ಇದ್ದರೂ ಅಲ್ಲೇ ಕ್ಯೂ ನಿಲ್ಲೋಣ. ಕೈಗೆ ಸೆರಗು ಸುತ್ತಿಕೊಳ್ಳಬೇಡ.