ಮೊದಲ ಸುತ್ತಿನ ಜೋಡಿ

ಶಟಲ್ ಕ್ಲಬ್ಬಿನ ಕಾರ್ಯದರ್ಶಿಗಳಿಗೆ,

ಕಳೆದ ಭಾನುವಾರದ ವಾರ್ಷಿಕ ಸಮಾರಂಭದಲ್ಲಿ, ಫೈನಲ್‌ನಲ್ಲಿ ಸೋತ ನನ್ನ ಮೊಮ್ಮಗಳನ್ನು ವೇದಿಕೆಗೆ ಕರೆದು, ಎಲ್ಲರೆದುರು ನೀವು ಸೋಮಾರಿ ಎಂದಿರಿ. "ಪ್ರಾಕ್ಟೀಸ್ ಮಾಡಿದ್ರೆ ಯಾರು ಬೇಕಾದ್ರೂ ಗೆಲ್ತಾರೆ ಕಣಮ್ಮ, ಮೈ ಬಗ್ಗಿಸ್ಬೇಕು ಅಷ್ಟೆ" ಎಂದು ನೀವು ಮೈಕಿನಲ್ಲಿ ಹೇಳಿದಾಗ ಜನ ಚಪ್ಪಾಳೆಯನ್ನೂ ತಟ್ಟಿದರು.

ಆ ಹುಡುಗಿ ದಿನವೂ ಬೆಳಕು ಹರಿಯುವ ಮೊದಲೇ ನಿಮ್ಮ ವಾಚ್‌ಮನ್‌ನನ್ನು ಎಬ್ಬಿಸಿ, ಬಾಗಿಲು ತೆಗೆಸಿ ಆಡುತ್ತಿದ್ದವಳು. ಅವಳ ಜಡ್ಡುಗಟ್ಟಿದ ಅಂಗೈ ನೋಡಿ ಅವಳಮ್ಮ, "ಏನೇ ಇದು, ಗಾರೆ ಕೆಲಸಕ್ಕೇನಾದ್ರೂ ಹೋಗ್ತಿದ್ದೀಯಾ?" ಎಂದು ಕೇಳುತ್ತಿದ್ದಳು. ಎದುರಾಳಿ ಅವಳಿಗಿಂತ ಚೆನ್ನಾಗಿ ಆಡಿದಳು. ಸೋಲಿಗೆ ಅಷ್ಟು ಕಾರಣ ಸಾಲದೇ? ಈಗ ರಾಕೆಟ್ ಅಟ್ಟ ಸೇರಿದೆ. "ಇನ್ನೂ ಎಷ್ಟು ಆಡ್ಬೇಕಿತ್ತು ತಾತ?" ಎನ್ನುತ್ತಾಳೆ.

ಅಭ್ಯಾಸದ ಮಹಿಮೆ ಸಾರುವ ಪುಸ್ತಕಗಳು ನನ್ನ ಕಪಾಟಿನಲ್ಲೂ ಇವೆ. ಬರೆದವರೆಲ್ಲ ಗೆದ್ದವರೇ. ಆದರೆ ನನಗೆ ಓದಿದ್ದಕ್ಕಿಂತ ಕಂಡದ್ದು ಹೆಚ್ಚು ನೆನಪಿರುತ್ತದೆ. ಕಾಲೇಜಿನಲ್ಲಿ ನೀವೂ ನಾನೂ ಡಬಲ್ಸ್ ಜೋಡಿಯಾಗಿದ್ದೆವು. ಊಟ ಬಿಟ್ಟು ಆಡುತ್ತಿದ್ದೆವು. ಪ್ರತಿ ವರ್ಷವೂ ಮೊದಲ ಸುತ್ತಿನಲ್ಲೇ ಸೋತು ಮನೆಗೆ ಬರುತ್ತಿದ್ದೆವು. ದಾರಿಯಲ್ಲಿ ನೀವು ನನ್ನ ಹೆಗಲ ಮೇಲೆ ಕೈ ಹಾಕಿ, "ಹೋಗ್ಲಿ ಬಿಡೋ, ನಾಳೆ ಬೇಗ ಬಾ" ಎನ್ನುತ್ತಿದ್ದಿರಿ. ನಮ್ಮನ್ನು ಯಾರೂ ಸೋಮಾರಿಗಳೆನ್ನಲಿಲ್ಲ.

ಬರುವ ಭಾನುವಾರದ ಸದಸ್ಯರ ಸಭೆಗೆ ಮೊಮ್ಮಗಳನ್ನು ಕರೆತಂದು ಮುಂದಿನ ಸಾಲಿನಲ್ಲಿ ಕೂರುತ್ತೇನೆ. ಅದೇ ಮೈಕ್ ಹಿಡಿದು, ಅದೇ ಜನರೆದುರು ಅವಳಿಗೆ ಹೇಳಿ: ಅಷ್ಟೆಲ್ಲ ಆಡಿಯೂ ನಾವಿಬ್ಬರು ಯಾಕೆ ಸೋತೆವು?

ಇಂತಿ,
ನಿಮ್ಮ ಹಳೆಯ ಡಬಲ್ಸ್ ಜೊತೆಗಾರ