ಅಕ್ಕನ ಮದುವೆಗೆ ರಜೆ

ಮದೀನತ್ ಖಲೀಫಾ, ದೋಹಾ
28 ಜೂನ್ 2024, ಶುಕ್ರವಾರ

ಪ್ರೀತಿಯ ಅಮ್ಮನಿಗೆ,

ಗ್ರೀಷ್ಮಾಳ ನಮಸ್ಕಾರ. ಮೊಣಕಾಲು ನೋವು ಹೇಗಿದೆ? ಮಳೆ ಹಿಡಿದ ಮೇಲೆ ಜಾಸ್ತಿಯಾಗಿರಬೇಕು. ಬೀಡಿ ಕಟ್ಟುತ್ತಾ ಗಂಟೆಗಟ್ಟಲೆ ಚಕ್ಕಳಮಕ್ಕಳ ಹಾಕಿ ಕೂರಬೇಡ. ತಮ್ಮ ಕೃತಿಕ್ ಹೇಳಿದರೆ ಕೇಳುವವಳಲ್ಲ ನೀನು, ನಾನು ಹೇಳಿದರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಇಲ್ಲಿ ನಲ್ಲಿ ತಿರುಗಿಸಿದರೆ ಬರುವುದೇ ಬಿಸಿನೀರು. ಗೀಸರ್ ಆರಿಸಿ ತಿಂಗಳಾಯಿತು. ವಿಡಿಯೋ ಕಾಲ್ ಇರುವಾಗ ಇವಳಿಗೆಂಥ ಕಾಗದದ ಹುಚ್ಚು ಎಂದು ನಗಬೇಡ. ಫೋನಿನಲ್ಲಿ ನಾವಿಬ್ಬರೂ ಮಾತು ಮುಗಿಯುವ ಮೊದಲೇ ಜಗಳಕ್ಕೆ ನಿಲ್ಲುತ್ತೇವೆ. ಕೆಳಗಿನ ಮನೆಯ ಪೂವಕ್ಕ ಇವತ್ತು ಊರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕೊಡುತ್ತಿದ್ದೇನೆ. ಇದನ್ನು ನೀನೇ ಓದು.

ಮೇ ತಿಂಗಳ ಜಗಳ ನಾನಿನ್ನೂ ಮರೆತಿಲ್ಲ. ಎಷ್ಟು ಸಂಭ್ರಮದಿಂದ ಫೋನ್ ಮಾಡಿದ್ದೆ ನೀನು! ಅಕ್ಕನಿಗೆ ಗುರುಪುರದ ಕಡೆಯಿಂದ ಸಂಬಂಧ ಬಂದಿದೆ, ಹುಡುಗ ಎರಡು ವರ್ಷದವನಿದ್ದಾಗ ಜ್ವರದಲ್ಲಿ ಹೋದವನು, ಒಳ್ಳೆಯ ಮನೆತನ, ಬರುವ ಆಟಿ ತಿಂಗಳಲ್ಲಿ ಕುಲೆ ಮದುವೆ ಮಾಡಿಬಿಡುವುದು, ಆರತಿ ಎತ್ತಲು ತಂಗಿಯಾದ ನಾನು ಬರಲೇಬೇಕು ಎಂದು. ಬಾವಿ ಬತ್ತಿದ ಬೇಸಿಗೆಯಲ್ಲಿ ಹುಟ್ಟಿ, ತೊಟ್ಟಿಲಿಗೆ ಹಾಕಿ ಹೆಸರಿಡುವ ಮೊದಲೇ, ಹದಿಮೂರನೆಯ ದಿನ ತೀರಿಕೊಂಡ ಅಕ್ಕ. ನಾನು ಹುಟ್ಟಿದ್ದು ಅದಾಗಿ ಎರಡು ವರ್ಷಕ್ಕೆ. “ಸತ್ತವರೂ ನಮ್ಮೊಟ್ಟಿಗೇ ದೊಡ್ಡವರಾಗ್ತಾರೆ ಮಾರಾಯ್ತಿ. ಅವಳಿಗೂ ಮೂವತ್ತೇಳು ಆಯ್ತು. ಮನೆಯಲ್ಲೇ ಕೂರಿಸಿದ್ರೆ ಹೇಗೆ?” ಅಂದಿದ್ದೆ ನೀನು. ನಾನೇನು ಹೇಳಿದೆ? “ಸತ್ತವರ ಮದುವೆಗೆ ರಜೆ ಕೇಳಿದ್ರೆ ಕ್ಲಿನಿಕ್‌ನಲ್ಲಿ ನಗಾಡ್ತಾರೆ ಅಮ್ಮ. ಖಲಾಸ್, ಆ ವಿಷಯ ಬೇಡ.” ನೀನು “ಆಯ್ತು” ಎಂದು ಫೋನ್ ಇಟ್ಟವಳು ಮತ್ತೆ ಆ ಮಾತು ತೆಗೆಯಲೇ ಇಲ್ಲ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಈದ್ ರಜೆಯಲ್ಲಿ ಇವರು ಟ್ಯುನೀಶಿಯಾಕ್ಕೆ ಕರೆದುಕೊಂಡು ಹೋದದ್ದು ನಿನಗೆ ಗೊತ್ತೇ ಇದೆ. ಫೋಟೋ ನೋಡಿ, ಸಮುದ್ರ ನಮ್ಮದರ ಹಾಗೇ ಉಂಟಾ ಎಂದು ಕೇಳಿದ್ದೆಯಲ್ಲ, ಇಲ್ಲಮ್ಮ. ನಮ್ಮ ಮೂಲ್ಕಿಯ ಕಡಲು ಹಗಲೂ ರಾತ್ರಿ ಬೊಬ್ಬೆ ಹೊಡೆಯುತ್ತದೆ. ಈ ಮೆಡಿಟರೇನಿಯನ್ ಮಾತೇ ಆಡುವುದಿಲ್ಲ; ಬಿಳಿ ಬಟ್ಟೆಗೆ ನೀಲಿ ಕಲಸಿಟ್ಟ ಬಕೆಟ್ಟಿನ ನೀರಿನ ಹಾಗೆ ಸುಮ್ಮನೆ ಇರುತ್ತದೆ. ಕಾರ್ಥೇಜ್ ಎಂಬ ಹಳೆಯ ಪಟ್ಟಣದ ಅವಶೇಷಗಳನ್ನು ಒಂದೇ ದಿನದಲ್ಲಿ ತೋರಿಸುವ ಬಸ್ಸು ಹತ್ತಿದ್ದೆವು. ನಾವು ಹದಿನಾರು ಜನ. ಗೈಡ್ ಹಿಶಾಮ್, ಹುಲ್ಲಿನ ಟೋಪಿಯ ಮನುಷ್ಯ, ಪ್ರತಿ ಜಾಗದಲ್ಲೂ ನಮ್ಮ ತಲೆ ಎಣಿಸಿ “ಯಲ್ಲಾ, ಯಲ್ಲಾ” ಎಂದು ಅಟ್ಟುತ್ತಿದ್ದ. ಕಡಲಿಗೆ ತಾಗಿಕೊಂಡೇ ರೋಮನ್ನರ ಸ್ನಾನಗೃಹ ಇತ್ತು. ಮಾಡು ಹೋಗಿ, ಕಂಬಗಳ ಮೇಲೆ ಬರೀ ಆಕಾಶ. ಇಷ್ಟು ದೊಡ್ಡ ಬಚ್ಚಲಿಗೆ ಎಷ್ಟು ಕಟ್ಟಿಗೆ ಬೇಕಾಗಿತ್ತೋ ಎಂದು ಇವರಿಗೆ ಚಿಂತೆ. ಇನ್ನೂರು ಹಡಗು ನಿಲ್ಲುತ್ತಿದ್ದ ಬಂದರು ಈಗ ಒಂದು ಕೆರೆ, ದಡದಲ್ಲಿ ಒಬ್ಬ ಮುದುಕ ಗಾಳ ಹಾಕಿ ಕುಳಿತಿದ್ದ. ಬಿಸಿಲಿಗೋ ಗಾಳಿಗೋ ಕಣ್ಣು ಎಳೆಯುತ್ತಿತ್ತು. ನಾನು ನಡೆಯುತ್ತಿದ್ದೇನೋ ತೇಲುತ್ತಿದ್ದೇನೋ ತಿಳಿಯದ ಹಾಗೆ ಎಲ್ಲರ ಹಿಂದೆ ಹೋದೆ.

ಮಧ್ಯಾಹ್ನದ ಮೇಲೆ ಹಿಶಾಮ್ ಮರಗಳ ನೆರಳಿನ ಒಂದು ಸಣ್ಣ ಹಿತ್ತಲಿಗೆ ಕರೆದುಕೊಂಡು ಹೋದ. ಮೊಣಕಾಲೆತ್ತರದ ಕಲ್ಲುಗಳು, ನೂರಾರು. ಕೆಲವದರಲ್ಲಿ ಒಂದು ತ್ರಿಕೋನ, ಮೇಲೆ ಅಡ್ಡಗೆರೆ, ಅದರ ಮೇಲೊಂದು ಸೊನ್ನೆ; ಅಂಗನವಾಡಿಯ ಮಗು ಬರೆದ ಲಂಗದ ಹುಡುಗಿಯ ಹಾಗೆ. ಒಂದೊಂದು ಕಲ್ಲಿನ ಕೆಳಗೂ ಒಂದು ಮಡಕೆ, ಮಡಕೆಯಲ್ಲಿ ಎಳೆಮಗುವಿನ ಬೂದಿ ಇತ್ತಂತೆ. ದೇವರಿಗೆ ಕೊಟ್ಟ ಮಕ್ಕಳು ಅನ್ನುವವರಿದ್ದಾರೆ, ಕಾಯಿಲೆಯಲ್ಲಿ ಹೋದವು ಅನ್ನುವವರೂ ಇದ್ದಾರೆ, ತನಗೆ ಗೊತ್ತಿಲ್ಲ ಅಂದ ಹಿಶಾಮ್. ಕಲ್ಲಿನ ಮೇಲೆ ಹರಕೆ ಹೊತ್ತವರ ಹೆಸರಿದೆ, ಅವರ ಅಪ್ಪನ ಹೆಸರಿದೆ, ಮಗುವಿನ ಹೆಸರು ಮಾತ್ರ ಇಲ್ಲ. ಅಷ್ಟು ಕೇಳಿದ್ದೇ ನನ್ನ ಕಾಲು ತಾನಾಗಿ ಚಪ್ಪಲಿ ಕಳಚಿತು. ಇವರಿಗೆಲ್ಲ ಈಗ ಊಟ ಹಾಕುವವರು ಯಾರು ಎಂದು ಕೇಳಿಬಿಟ್ಟೆ. ಅವನು ಕಲ್ಲಿನ ಮೇಲೆ ಮಲಗಿದ್ದ ದಪ್ಪ ಬೆಕ್ಕನ್ನು ತೋರಿಸಿ, ಅಕ್ಕಪಕ್ಕದ ಮನೆಯವರು ಹಾಕುತ್ತಾರೆ ಮೇಡಂ, ಏನೂ ಕಡಿಮೆಯಿಲ್ಲ ಅಂದ. ನಾನು ನಗಲು ಹೋಗಿ ಅತ್ತುಬಿಟ್ಟೆ. ಬಾಟಲಿಯ ನೀರನ್ನು ಒಂದು ಕಲ್ಲಿನ ಬುಡಕ್ಕೆ ಹೊಯ್ದೆ. ಹಾಗೆ ಮಾಡಬಾರದೆಂದು ಹೇಳಲು ಬಂದ ಹಿಶಾಮ್, ನನ್ನ ಮುಖ ನೋಡಿ ಹಿಂದೆ ತಿರುಗಿ ನಿಂತ. ಅದೊಂದು ಜಾಗದಲ್ಲಿ ಅವನು ಯಲ್ಲಾ ಅನ್ನಲಿಲ್ಲ.

ಬಸ್ಸಿನಲ್ಲಿ ಕಿಟಕಿಗೆ ತಲೆಯಾನಿಸಿ ಬಂದೆ. ಅತ್ತ ನೀಲಿ ನೀರು, ಇತ್ತ ಬಿಳಿ ಗೋಡೆಗಳು, ನಡುವೆ ನಮ್ಮ ಮನೆಯ ಚಾವಡಿ ಕಾಣುತ್ತಿತ್ತು. ಆ ಮಕ್ಕಳು ಎರಡು ಸಾವಿರ ವರ್ಷಕ್ಕೂ ಮಿಕ್ಕಿ ಮಕ್ಕಳಾಗಿಯೇ ಉಳಿದಿದ್ದಾರೆ. ನೀನು ನಿನ್ನ ಮಗಳನ್ನು ಹಾಗೆ ಬಿಡಲಿಲ್ಲ. ಪ್ರತಿ ಆಟಿಗೂ ಎಲೆ ಹಾಕಿ, ಸೀಯಾಳ ಇಟ್ಟು, ಯಾರಿಗೂ ಕಾಣದ ಹುಡುಗಿಯನ್ನು ಮದುವೆಯ ಪ್ರಾಯದವರೆಗೆ ಬೆಳೆಸಿದೆ. ನಾನು ಅದನ್ನು ನಗೆಯ ವಿಷಯ ಮಾಡಿದೆ. ತಪ್ಪಾಯಿತಮ್ಮ. ಆಗಲೇ ಇನ್ನೊಂದು ನೆನಪಾಯಿತು: ಆಟಿಯ ಜಡಿಮಳೆಯಲ್ಲಿ ಹುಟ್ಟಿದವಳಿಗೆ ಬೇಸಿಗೆಯ ಹೆಸರು ಯಾಕೆ ಎಂದು ಟೀಚರ್ ನಕ್ಕದ್ದನ್ನು ನಾನು ಮನೆಗೆ ಬಂದು ಹೇಳಿದ್ದೆ. ನೀನು ಒಳಗೆ ಹೋಗಿ ಬಾಗಿಲು ಹಾಕಿಕೊಂಡಿದ್ದೆ.

ಇವರು ನಿನ್ನನ್ನು ಕೇಳಿದ್ದಾರೆ. ಕೃತಿಕ್‌ಗೆ ನನ್ನ ಪ್ರೀತಿ ತಿಳಿಸು. ಮಳೆಯಲ್ಲಿ ಅಂಗಳಕ್ಕೆ ಇಳಿಯಬೇಡ, ಪಾಚಿ ಇರುತ್ತದೆ. ಇಲ್ಲಿಂದಲೇ ನಿನ್ನ ಕಾಲಿಗೆ ಬಿದ್ದಿದ್ದೇನೆ, ಹರಸು.

ನಿನ್ನ ಎರಡನೆಯ ಮಗಳು,
ಗ್ರೀಷ್ಮಾ

ಮರೆತ ಮಾತು: ಪೂವಕ್ಕ ಕೆಳಗಿನಿಂದ ಕೂಗುತ್ತಿದ್ದಾರೆ, ಬೇಗ ಬರೆಯುತ್ತೇನೆ. ಆಟಿಗೆ ಹತ್ತು ದಿನ ರಜೆ ಸಿಕ್ಕಿದೆ. ಅಕ್ಕನ ಮದುವೆ ಎಂದೇ ಅರ್ಜಿಯಲ್ಲಿ ಬರೆದೆ, ಯಾರೂ ನಗಲಿಲ್ಲ. ಜೊತೆಯಲ್ಲಿ ಕೆಲಸ ಮಾಡುವ ಸಾಲಿಹಾ ಸಿಹಿ ತರಲು ಹೇಳಿದ್ದಾಳೆ. ಆರತಿ ನಾನೇ ಎತ್ತುತ್ತೇನೆ. ಗಂಡಿನ ಕಡೆಯವರು ಹುಡುಗಿಯ ಹೆಸರು ಕೇಳಿದರೆ ಮಗು ಅಂತ ಹೇಳಬೇಡ ಅಮ್ಮ. ನೀನು ಅವಳಿಗೆಂದು ಎತ್ತಿಟ್ಟಿದ್ದ ಹೆಸರನ್ನೇ ಹೇಳು. ಆ ದಿನ ನನ್ನನ್ನು ಬರೀ ತಂಗಿ ಎಂದು ಕರೆದರೆ ಸಾಕು.