ಮೀನಿನ ಲೆಕ್ಕ

ಆಲೂರು
13-3-1978

ಪ್ರೀತಿಯ ಜಗದಾಂಬ,

ಬರುವ ಭಾನುವಾರ ಶಾಲೆಯ ಹುಡುಗಿಯರನ್ನು ಕರೆದುಕೊಂಡು ಡ್ಯಾಮಿಗೆ ಹಕ್ಕಿ ನೋಡಲು ಬರುತ್ತೇನೆ ಎಂದಿದ್ದೆಯಲ್ಲ, ಹೊರಡುವ ಮೊದಲು ಇದನ್ನು ಓದು ಮಾರಾಯ್ತಿ.

ಶುಕ್ರವಾರ ನೀನು ಬಂದಾಗ ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಮೊಟ್ಟೆಯನ್ನೂ ಮುಟ್ಟದವಳು ನೀನು, ಆದರೂ ಮುಖ ಸಿಂಡರಿಸದೆ ಜಗಲಿಯಲ್ಲಿ ಕೂತು ಏನಡುಗೆ ಎಂದು ಕೇಳಿದೆ. ಮೀನು ಎಂದೆ. ತಪಸ್ಸುಕಾಲದ ಶುಕ್ರವಾರ ನಾವು ಮಾಂಸ ತಿನ್ನುವುದಿಲ್ಲ, ಮೀನಾದರೆ ಆಗುತ್ತದೆ ಎಂದು ನಿನಗೆ ಗೊತ್ತು. ಅದಕ್ಕೇ ನೀನು ನಂಬಿದೆ. ಅದು ಮೀನಲ್ಲ. ಪ್ರತಿ ಚಳಿಗಾಲ ನೀನು ಕಾದು ನೋಡುವ, ನೆಂಟರು ಎಂದು ಕರೆಯುವ ಆ ಕೇಸರಿ ಬಣ್ಣದ ಜೋಡಿ ಬಾತುಗಳಲ್ಲಿ ಒಂದು.

ನಮ್ಮೆಜಮಾನರು ಗುರುವಾರ ಸಂಜೆ ಹೊಡೆದು ತಂದರು. ನಾಳೆ ಶುಕ್ರವಾರ ಎಂದೆ. "ನೀರಲ್ಲಿರೋದೆಲ್ಲ ಮೀನಿನ ಲೆಕ್ಕನೇ ಕಣೆ, ಫಾದರ್ ಹತ್ರ ನಾನು ಮಾತಾಡ್ತೀನಿ" ಎಂದು ನಕ್ಕರು. ಆ ಮಾತು ನನಗೆಷ್ಟು ಅನುಕೂಲವಾಗಿ ಕಂಡಿತು ನೋಡು. ಪುಕ್ಕ ಕೀಳುವಾಗ ಮುಖ ತಿರುಗಿಸಿಕೊಂಡೆ, ಮಸಾಲೆಯನ್ನು ಮಾತ್ರ ನುಣ್ಣಗೆ ಅರೆದೆ.

ಕಾಫಿ ಕುಡಿಯುತ್ತಾ ನೀನು, ನೆಂಟರು ಇನ್ನೂ ಇದ್ದಾರಾ ಎಂದೆ. ಬಿಸಿಲು ಏರಿತಲ್ಲ, ಉತ್ತರಕ್ಕೆ ಹೊರಟುಹೋದವು ಎಂದುಬಿಟ್ಟೆ. ನೀನು ಲೋಟ ಕೆಳಗಿಟ್ಟು ಆಕಾಶಕ್ಕೆ ಕೈ ಮುಗಿದು, "ಹೋಗ್ಬುಟ್ವಾ? ಸುಖವಾಗಿ ಊರು ಸೇರ್ಕಳ್ಲಿ ಕಣೆ. ಜೊತೇಲಿ ಹೋದ್ವಲ್ಲ, ಅಷ್ಟು ಸಾಕು" ಎಂದೆ. ಅಲ್ಲೇ ನೆಲ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು. ನೀನು ಹೋದ ಮೇಲೆ ಊಟಕ್ಕೂ ಕೂತೆ. ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಸುಳ್ಳಾದೀತು, ಇಳಿಯಿತು.

ಇನ್ನೊಂದು ಹೋಗಿಲ್ಲ ಜಗದಾಂಬ. ಇವತ್ತು ಬೆಳಿಗ್ಗೆ ಹೋಗಿ ನೋಡಿ ಬಂದೆ. ಅದೇ ಬಂಡೆಯ ಸುತ್ತ ಈಜುತ್ತಾ ಕೂಗುತ್ತಿದೆ. ಭಾನುವಾರ ನೀನು ಬಂದರೆ ಅದು ಕಣ್ಣಿಗೆ ಬಿದ್ದೇ ಬೀಳುತ್ತದೆ, ಹುಡುಗಿಯರು ಇದು ಒಂದೇ ಯಾಕಿದೆ ಟೀಚರ್ ಎಂದು ಕೇಳುತ್ತಾರೆ. ಆಗ ನಿನಗೆ ಗೊತ್ತಾಗುವುದಕ್ಕಿಂತ ಈಗ ನಾನೇ ಹೇಳಿಬಿಡುವುದು ಮೇಲು. ಹಾಗೇ ನಮ್ಮ ಮನೆಗೂ ಬಾ ಎನ್ನುವ ಮುಖ ನನಗಿಲ್ಲ. ಬೈಯುವುದಾದರೆ ಅವರನ್ನು ಬೈಯಿ, ನನ್ನ ಕೈ ಬಿಡಬೇಡ.

ನಾಚಿಕೆಯಿಂದ,
ನಿನ್ನ ತೆರೇಸಾ

ತಾ.ಕ.: ಅವರನ್ನು ಬೈಯಿ ಎಂದು ಬರೆದು ಲಕೋಟೆ ಅಂಟಿಸಲು ಹೋದೆ, ಆಗಲಿಲ್ಲ. ಅವರಿಗೆ ದೂರದ್ದು ಸರಿಯಾಗಿ ಕಾಣುವುದಿಲ್ಲ. ಗುರುವಾರ, ಮದುವೆಯಾದ ಮೇಲೆ ಮೊದಲ ಸಲ, ನಿನ್ನ ಹಕ್ಕಿ ತೋರಿಸು ನೋಡೋಣ ಎಂದು ಕೇಳಿದರು. ಆ ಖುಷಿಗೆ ಜೀಪು ಹತ್ತಿದೆ. ಸೀಟಿನ ಹಿಂದೆ ಕೋವಿ ಇದ್ದದ್ದೂ ಕಂಡಿತ್ತು. ಆದರೂ ನೀನು ನಂಬಿ ನನ್ನ ಹತ್ತಿರ ಬಿಟ್ಟುಹೋಗಿದ್ದ ದುರ್ಬೀನಿನಲ್ಲಿ ಹುಡುಕಿ, ಬೆರಳು ಚಾಚಿ, ಅಗೋ ಅಲ್ಲಿ ಎಂದು ತೋರಿಸಿದವಳು ನಾನೇ.